ಬ್ಯಾಡಗಿ ಪೇಟೆಯ ತೂಕದ ಯಂತ್ರದೊಳಗೆ ಎಸ್‌ಇಲಿನಕ್ಸ್: ಆಂಡ್ರಾಯ್ಡ್ ಪಾಲಿಸಿ ಸಲಕರಣೆಗಳ ವಿಮರ್ಶೆ

ಆಂಡ್ರಾಯ್ಡ್ ಸೋರ್ಸ್ ಕೋಡ್ ಇಳಿಸಿಕೊಂಡವರಿಗೆ ಅದರ ಜೊತೆಗೇ ಪುಕ್ಕಟೆಯಾಗಿ ಸಿಗುವ ಸಲಕರಣೆಗಳ ಬಗ್ಗೆ ಈ ವಿಮರ್ಶೆ. ‘ಸಿಸ್ಟಮ್/ಸೆಪಾಲಿಸಿ’ ಎಂಬ ಫೋಲ್ಡರ್, ಅದರೊಳಗಿನ ನಿಯಮಗಳನ್ನು ಯಂತ್ರ ಓದುವ ರೂಪಕ್ಕೆ ತರುವ, ಅಂದರೆ ಕಂಪೈಲ್ ಮಾಡುವ ಪ್ರೋಗ್ರಾಂಗಳು, ಲಾಗ್ ಓದಿ ನಿಯಮ ಸೂಚಿಸುವ ‘ಆಡಿಟ್‌ಟುಅಲೋ’, ಸೋರ್ಸಿನಿಂದ ಸಾಧನದ ಸಾಫ್ಟ್‌ವೇರ್ ತಯಾರಾಗುವಾಗಲೇ, ಅಂದರೆ ಬಿಲ್ಡ್ ಆಗುವಾಗಲೇ, ಅಡ್ಡಗಟ್ಟುವ ‘ನೆವರ್‌ಅಲೋ’ ತಪಾಸಣೆ. ಸಾಧನದೊಳಗೆ ಯಾವ ಪ್ರೋಗ್ರಾಂ ಯಾವುದನ್ನು ಮುಟ್ಟಬಹುದು ಎಂದು ಮೊದಲೇ ಬರೆದಿಡುತ್ತೇವೆ, ಆ ನಿಯಮಗಳ ಕಟ್ಟೇ ಪಾಲಿಸಿ. ಬರೆಯದೆ ಬಿಟ್ಟದ್ದನ್ನೆಲ್ಲ ಆಪರೇಟಿಂಗ್ ಸಿಸ್ಟಮಿನ ತಿರುಳಾದ ಕರ್ನಲ್ ತಡೆಯುತ್ತದೆ. ಇದೇ ಎಸ್‌ಇಲಿನಕ್ಸ್. ಹುಬ್ಬಳ್ಳಿಯ ಗೋಕುಲ ರೋಡಿನಲ್ಲಿ ನಮ್ಮದೊಂದು ಸಣ್ಣ ಕಂಪನಿ. ಎಪಿಎಂಸಿಯ ದಲಾಲಿ ಅಂಗಡಿಗಳಿಗೆ ತೂಕ ದಾಖಲಿಸುವ ಆಂಡ್ರಾಯ್ಡ್ ಯಂತ್ರ ತಯಾರಿಸುತ್ತೇವೆ. ಅದರ ಆಂಡ್ರಾಯ್ಡ್ 13 ಬಿಲ್ಡ್ ಪೂರ್ತಿ ನನ್ನ ಜವಾಬ್ದಾರಿ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ದುಡ್ಡು ಕೊಟ್ಟು ತಂದ ಯಾವ ಸೆಕ್ಯುರಿಟಿ ಸಾಫ್ಟ್‌ವೇರೂ ಕೊಡದ ಧೈರ್ಯವನ್ನು ಈ ಪುಕ್ಕಟೆ ಸಲಕರಣೆಗಳು ನನಗೆ ಕೊಟ್ಟಿವೆ. ಆದರೆ ಇವು ಕೂತು ಯೋಚಿಸಿ ಬರೆಯುವವರಿಗೆ ಮಾತ್ರ ಒಲಿಯುತ್ತವೆ. ಲಾಗಿನಲ್ಲಿ ಕಂಡದ್ದಕ್ಕೆಲ್ಲ ಒಪ್ಪಿಗೆ ಕೊಟ್ಟು ಮುಗಿಸುವವರ ಕೈಯಲ್ಲಿ ಇದ್ದೂ ಇಲ್ಲದ ಹಾಗೆ.

ತೂಕದ ಯಂತ್ರಕ್ಕೆ ಇಷ್ಟೆಲ್ಲ ಯಾಕೆ ಎಂದು ಕೇಳುವವರಿದ್ದಾರೆ. ಅವರು ಸುಗ್ಗಿಯಲ್ಲಿ ಒಂದು ಸೋಮವಾರ ಬ್ಯಾಡಗಿ ಪೇಟೆಗೆ ಬರಬೇಕು. 2011ರಲ್ಲಿ ಜಿಐ ಟ್ಯಾಗ್ ಪಡೆದ ಮೆಣಸಿನಕಾಯಿ ಅದು. ಡಬ್ಬಿ, ಕಡ್ಡಿ ಎಂಬ ಬಗೆಗಳ ಬೇರೆಬೇರೆ ಚೀಲಗಳ ರಾಶಿ, ಘಾಟಿಗೆ ಕಣ್ಣಲ್ಲಿ ನೀರು. ದರವನ್ನು ಟೆಂಡರ್ ತೀರ್ಮಾನಿಸುತ್ತದೆ, ಅದು ಎಲ್ಲರ ಕಣ್ಣೆದುರಿಗೆ ಇರುತ್ತದೆ. ತೂಕ ಹಾಗಲ್ಲ. ಎಲೆಕ್ಟ್ರಾನಿಕ್ ಕಾಟಾದ ಮೇಲೆ ಚೀಲ ಇಟ್ಟಾಗ ಅಂಕಿ ಒಂದು ಕ್ಷಣ ನಿಲ್ಲುತ್ತದೆ, ಹಮಾಲರು ಚೀಲ ಎತ್ತಿದ ಕೂಡಲೇ ಹೋಗುತ್ತದೆ. ಆಮೇಲೆ ರೈತನ ಕೈಯಲ್ಲಿ ಉಳಿಯುವುದು ಚೀಟಿಯ ಮೇಲಿನ ಅಂಕಿ ಮಾತ್ರ. ನಮ್ಮ ಯಂತ್ರವನ್ನು ಒಂದು ಅಂಗಡಿಯಲ್ಲಿ ಕೂರಿಸುವಾಗ ಹಿರೇಕೆರೂರ ಕಡೆಯ ಹಿರಿಯ ರೈತರೊಬ್ಬರು ಪಕ್ಕದಲ್ಲೇ ನಿಂತು ನೋಡುತ್ತಿದ್ದರು. “ತಂಗೀ, ಕಾಟಾಕ್ಕ ಸರ್ಕಾರದ ಮುದ್ರಿ ಐತಿ. ನಿಮ್ಮ ಡಬ್ಬಿಗೆ ಏನೈತಿ?” ಎಂದರು. “ಕಾಟಾದಿಂದ ಚೀಟಿಗೆ ಹೋಗೂದ್ರಾಗ ಅಂಕಿ ಬದಲ್ಯಾಗಂಗಿಲ್ಲ ಅಂತ ಹೆಂಗ ನಂಬೂದು?”

ಇಷ್ಟು ಸರಿಯಾದ ಪ್ರಶ್ನೆಯನ್ನು ನನಗೆ ಯಾವ ಇಂಟರ್‌ವ್ಯೂನಲ್ಲೂ ಕೇಳಿರಲಿಲ್ಲ. ಕಾಟಾವನ್ನು ಕಾನೂನು ಮಾಪನ ಇಲಾಖೆ ಪರೀಕ್ಷಿಸಿ ಮುದ್ರೆ ಹಾಕುತ್ತದೆ. ಅಲ್ಲಿಂದ ಕೇಬಲ್ ಮೂಲಕ ಅಂಕಿ ನಮ್ಮ ಯಂತ್ರಕ್ಕೆ ಬಂದಮೇಲೆ ಅದನ್ನು ಕಾಯಬೇಕಾದವರು ನಾವು. ಅಂಗಡಿಯ ಹುಡುಗ ಆ ಯಂತ್ರದಲ್ಲಿ ಒಂದು ಆಟದ ಆಪ್ ಹಾಕಿಕೊಂಡ, ಅದರಲ್ಲಿ ದುರುದ್ದೇಶದ ಕೋಡ್ ಇತ್ತು, ಅದು ಹೇಗೋ ರೂಟ್ ಅಧಿಕಾರ, ಅಂದರೆ ಯಂತ್ರದ ಮೇಲೆ ಪೂರ್ಣ ಹಿಡಿತ, ಪಡೆಯಿತು ಎಂದುಕೊಳ್ಳಿ. ಅಷ್ಟಾದರೂ ತೂಕದ ಅಂಕಿ ಮುಟ್ಟಲು ಅದಕ್ಕೆ ಆಗಬಾರದು. ಇದು ನಾನು ಹಾಕಿಕೊಂಡ ಷರತ್ತು.

ಸಾಮಾನ್ಯ ಲಿನಕ್ಸ್ ಅನುಮತಿಗಳಿಂದ ಈ ಷರತ್ತು ಪೂರೈಸಲು ಬರುವುದಿಲ್ಲ. ಅಲ್ಲಿ ಫೈಲಿನ ಒಡೆಯನೇ ಯಾರಿಗೆ ಏನು ಎಂದು ತೀರ್ಮಾನಿಸುತ್ತಾನೆ, ರೂಟ್ ಆದವನಿಗಂತೂ ಕೇಳುವವರೇ ಇಲ್ಲ. ಎಸ್‌ಇಲಿನಕ್ಸ್ ಮನುಷ್ಯನನ್ನಾಗಲಿ ಯೂಸರ್ ಐಡಿಯನ್ನಾಗಲಿ ಕೇಳುವುದಿಲ್ಲ. ಓಡುತ್ತಿರುವ ಪ್ರೋಗ್ರಾಮಿನ ಡೊಮೈನ್ ಯಾವುದು, ಮುಟ್ಟಲು ಹೊರಟ ವಸ್ತುವಿನ ಲೇಬಲ್ ಯಾವುದು ಎಂದು ಕೇಳುತ್ತದೆ. ಪೇಟೆಯಲ್ಲಿ ಹಮಾಲ ಚೀಲ ಹೊರುತ್ತಾನೆ, ತೂಕದವ ಅಂಕಿ ಕೂಗುತ್ತಾನೆ, ಗುಮಾಸ್ತ ಬರೆಯುತ್ತಾನೆ. ಅಂಗಡಿಯ ಮಾಲಕರ ಮಗನೇ ಬಂದು ನಿಂತರೂ ತೂಕದವನ ಜಾಗದಲ್ಲಿ ಅವನು ಅಂಕಿ ಕೂಗುವಂತಿಲ್ಲ. ಹೊಸಬರಿಗೆ ನಾನು ಡೊಮೈನ್ ಅಂದರೆ ಏನೆಂದು ಹೇಳಿಕೊಡುವುದು ಹೀಗೆ.

ಇದರ ಹಿನ್ನೆಲೆ ತಿಳಿದಿದ್ದರೆ ನಂಬಿಕೆ ಹೆಚ್ಚುತ್ತದೆ. ಅಮೆರಿಕದ ಗುಪ್ತಚರ ಸಂಸ್ಥೆ ಎನ್‌ಎಸ್‌ಎ 2000ದ ಡಿಸೆಂಬರಿನಲ್ಲಿ ಎಸ್‌ಇಲಿನಕ್ಸ್ ಕೋಡನ್ನು ಎಲ್ಲರಿಗೂ ಮುಕ್ತವಾಗಿ ಬಿಟ್ಟಿತು; 2003ರಲ್ಲಿ ಅದು ಲಿನಕ್ಸ್ 2.6 ಕರ್ನಲ್ಲಿನ ಭಾಗವಾಯಿತು. ಆಂಡ್ರಾಯ್ಡಿಗೆ ಅದನ್ನು ಹೊಂದಿಸಿದ ಕೆಲಸದ ಬಗ್ಗೆ ಸ್ಟೀಫನ್ ಸ್ಮಾಲಿ ಮತ್ತು ರಾಬರ್ಟ್ ಕ್ರೇಗ್ 2013ರಲ್ಲಿ ಒಂದು ಪ್ರಬಂಧ ಮಂಡಿಸಿದರು. ಆ ಕಾಲಕ್ಕೆ ಫೋನುಗಳನ್ನು ರೂಟ್ ಮಾಡಲು ಬಳಸುತ್ತಿದ್ದ ‘ಜಿಂಜರ್‌ಬ್ರೇಕ್’ ಮುಂತಾದ ದಾಳಿಗಳನ್ನು ಒಂದೊಂದಾಗಿ ಎತ್ತಿಕೊಂಡು, ಒಳ್ಳೆಯ ಪಾಲಿಸಿ ಇದ್ದರೆ ಅವು ಯಾವ ಹಂತದಲ್ಲಿ ನಿಲ್ಲುತ್ತಿದ್ದವು ಎಂದು ಅದರಲ್ಲಿ ತೋರಿಸಿದ್ದಾರೆ. ಅದೇ ವರ್ಷ ಬಂದ ಆಂಡ್ರಾಯ್ಡ್ 4.3ರಲ್ಲಿ ಎಸ್‌ಇಲಿನಕ್ಸ್ ಬರೀ ಲಾಗ್ ಮಾಡುವ ‘ಪರ್ಮಿಸಿವ್’ ಸ್ಥಿತಿಯಲ್ಲಿತ್ತು. 4.4ರಲ್ಲಿ ‘ವೋಲ್ಡ್’, ‘ನೆಟ್‌ಡಿ’, ‘ಇನ್‌ಸ್ಟಾಲ್‌ಡಿ’, ‘ಜೈಗೋಟ್’ ಎಂಬ ಮೂಲ ಸೇವಾ ಪ್ರೋಗ್ರಾಂಗಳ ಮೇಲೆ ನಿಜವಾದ ತಡೆ ಬಂತು. 2014ರ 5.0ರಿಂದ ಇಡೀ ಸಾಧನ ನಿಜಕ್ಕೂ ತಡೆಯುವ ‘ಎನ್‌ಫೋರ್ಸಿಂಗ್’. 2015ರಲ್ಲಿ ಆಡಿಯೋ-ವಿಡಿಯೋ ಓದುವ ಕೋಡಿನಲ್ಲಿ ಸ್ಟೇಜ್‌ಫ್ರೈಟ್ ಎಂಬ ದೋಷ ಬಯಲಾದಮೇಲೆ 7.0ರಲ್ಲಿ ಆ ಕೆಲಸವನ್ನೆಲ್ಲ ಒಟ್ಟಿಗೆ ಮಾಡುತ್ತಿದ್ದ ‘ಮೀಡಿಯಾಸರ್ವರ್’ ಅನ್ನು ಒಡೆದು, ಕ್ಯಾಮೆರಾ, ಆಡಿಯೋ, ಕೋಡೆಕ್ ಪ್ರತಿಯೊಂದಕ್ಕೂ ಬೇರೆ ಡೊಮೈನ್ ಕೊಟ್ಟರು. ವಿಡಿಯೋ ಫೈಲ್ ಬಿಡಿಸಿ ಓದುವ ಪ್ರೋಗ್ರಾಮಿಗೆ ಕ್ಯಾಮೆರಾದ ಅಧಿಕಾರ ಯಾಕೆ ಬೇಕು? ಇಂಥ ಸಾದಾ ಪ್ರಶ್ನೆ ಕೇಳಿ ಪಾಲಿಸಿ ಬೆಳೆದಿದೆ, ಅದಕ್ಕೇ ನನಗೆ ಇದರ ಮೇಲೆ ಗೌರವ.

ಈಗ ಬಳಕೆಯ ಮಾತು. ಮೊದಲ ಖರ್ಚು ಕಂಪ್ಯೂಟರಿನದು. ಆಂಡ್ರಾಯ್ಡ್ ಸೋರ್ಸ್ ಇಳಿಸಲು 250 ಜಿಬಿ, ಬಿಲ್ಡ್ ಮಾಡಲು ಮತ್ತೆ 150 ಜಿಬಿ ಜಾಗ, 64 ಜಿಬಿ ರ್‍ಯಾಮ್ ಬೇಕೆಂದು ಗೂಗಲ್‌ನ ದಾಖಲೆಯೇ ಹೇಳುತ್ತದೆ. ಬೇಸಿಗೆಯಲ್ಲಿ ಕರೆಂಟಿನ ಭರವಸೆ ಇಲ್ಲ, ಹಾಗಾಗಿ ನಮ್ಮ ಬಿಲ್ಡ್ ಯಂತ್ರಕ್ಕೆ ದೊಡ್ಡ ಯುಪಿಎಸ್ ಕಡ್ಡಾಯ. ಪಾಲಿಸಿ ಬದಲಿಸಿದಾಗಲೆಲ್ಲ ಪೂರ್ತಿ ಬಿಲ್ಡ್ ಮಾಡುವುದು ಬೇಕಿಲ್ಲ ಎನ್ನುವುದು ಸಮಾಧಾನ: ‘ಎಂ ಸೆಲಿನಕ್ಸ್_ಪಾಲಿಸಿ’ ಎಂದು ಕೊಟ್ಟರೆ ಪಾಲಿಸಿಯಷ್ಟೇ ಕಂಪೈಲ್ ಆಗುತ್ತದೆ, ಒಂದು ಚಹಾ ಕುಡಿದು ಬರುವಷ್ಟರಲ್ಲಿ ಮುಗಿದಿರುತ್ತದೆ.

ಹಾಗೆ ಕಂಪೈಲ್ ಮಾಡಿದ್ದನ್ನು ಸಾಧನಕ್ಕೆ ತಳ್ಳುವಾಗ ಒಂದು ವಿಷಯ ಗೊತ್ತಿರಬೇಕು. ಆಂಡ್ರಾಯ್ಡ್ 8ರಲ್ಲಿ ಮೂಲ ಆಂಡ್ರಾಯ್ಡನ್ನೂ (ಸಿಸ್ಟಮ್) ಸಾಧನ ತಯಾರಕರ ಭಾಗವನ್ನೂ (ವೆಂಡರ್) ಬೇರ್ಪಡಿಸುವ ಟ್ರೆಬಲ್ ವ್ಯವಸ್ಥೆ ಬಂದಮೇಲೆ ಪಾಲಿಸಿ ಎರಡು ಭಾಗವಾಗಿದೆ, ಸಿಸ್ಟಮ್ ಪಾರ್ಟಿಷನ್ನಿನದು ಒಂದು, ವೆಂಡರ್ ಪಾರ್ಟಿಷನ್ನಿನದು ಒಂದು. ಎರಡನ್ನೂ ಸೇರಿಸಿ ಮೊದಲೇ ಕಂಪೈಲ್ ಮಾಡಿದ ‘ಪ್ರೀಕಂಪೈಲ್ಡ್_ಸೆಪಾಲಿಸಿ’ ಎಂಬ ಫೈಲ್ ವೆಂಡರ್ ಕಡೆ ಕೂತಿರುತ್ತದೆ. ಬೂಟ್ ಆಗುವಾಗ ಮೊದಲು ಓಡುವ ‘ಇನಿಟ್’ ಪ್ರೋಗ್ರಾಂ ಸಿಸ್ಟಮ್ ಕಡೆಯ ಪಾಲಿಸಿಯ ಹ್ಯಾಶ್ (ಬೆರಳಚ್ಚಿನಂಥ ಗುರುತು) ತಾಳೆ ನೋಡಿ, ಸರಿಯಿದ್ದರೆ ಅದನ್ನೇ ಎತ್ತಿಕೊಳ್ಳುತ್ತದೆ. ವೆಂಡರ್ ಕಡೆಯ ನಿಯಮಗಳ ಫೈಲಾದ ‘ವೆಂಡರ್_ಸೆಪಾಲಿಸಿ.ಸಿಐಎಲ್’ ಒಂದನ್ನೇ ಬದಲಿಸಿ ತಳ್ಳಿದರೆ ಆ ತಾಳೆಗೆ ಅದು ಗೊತ್ತೇ ಆಗುವುದಿಲ್ಲ. ಹಳೆಯ ಪಾಲಿಸಿಯೇ ನಡೆಯುತ್ತದೆ, ಬರೆದವರು ನನ್ನ ನಿಯಮ ಯಾಕೆ ಕೆಲಸ ಮಾಡುತ್ತಿಲ್ಲ ಎಂದು ತಲೆ ಕೆಡಿಸಿಕೊಳ್ಳುತ್ತಾರೆ. ಪ್ರೀಕಂಪೈಲ್ಡ್ ಫೈಲನ್ನೂ ಜೊತೆಗೆ ತಳ್ಳಬೇಕು. ಇದನ್ನು ದಾಖಲೆಯಲ್ಲಿ ದೊಡ್ಡಕ್ಷರದಲ್ಲಿ ಹಾಕಬೇಕಿತ್ತು.

ನಮ್ಮ ಯಂತ್ರದಲ್ಲಿ ಕಾಟಾದ ಆರ್‌ಎಸ್-232 ಕೇಬಲ್ ಒಂದು ಯುಎಸ್‌ಬಿ ಕನ್ವರ್ಟರ್ ಚಿಪ್ಪಿಗೆ ಬಂದು, ಆಂಡ್ರಾಯ್ಡಿಗೆ ‘/ಡೆವ್/ಟಿಟಿವೈಯುಎಸ್‌ಬಿ0’ ಎಂದು ಕಾಣುತ್ತದೆ. ಹಿನ್ನೆಲೆಯಲ್ಲಿ ಓಡುತ್ತ ಅದನ್ನು ಓದುವ ಡೀಮನ್ ಪ್ರೋಗ್ರಾಮಿಗೆ ‘ತೂಕಡಿ’ ಎಂದು ಹೆಸರಿಟ್ಟಿದ್ದೇನೆ. ಮೊದಲ ಸಲ ಓಡಿಸಿದಾಗ ಲಾಗಿನಲ್ಲಿ ‘ಎವಿಸಿ: ಡಿನೈಡ್’ ಎಂಬ ಸಾಲು ಬಂತು. ಈ ಒಂದು ಸಾಲನ್ನು ಸರಿಯಾಗಿ ಓದಲು ಕಲಿತವರಿಗೆ ಅರ್ಧ ಕೆಲಸ ಮುಗಿದಂತೆ. ‘ರೀಡ್ ರೈಟ್’ ಎಂದರೆ ಏನು ಮಾಡಲು ಹೊರಟಿತ್ತು, ‘ಕಾಮ್’ ಎಂದರೆ ಪ್ರೋಗ್ರಾಮಿನ ಹೆಸರು, ‘ಎಸ್‌ಕಾಂಟೆಕ್ಸ್ಟ್’ ಎಂದರೆ ಅದರ ಡೊಮೈನ್, ‘ಟಿಕಾಂಟೆಕ್ಸ್ಟ್’ ಎಂದರೆ ಎದುರಿನ ವಸ್ತುವಿನ ಲೇಬಲ್, ‘ಟಿಕ್ಲಾಸ್’ ಎಂದರೆ ಅದು ಫೈಲೋ ಸಾಕೆಟ್ಟೋ ಕಾಟಾದ ಪೋರ್ಟಿನಂಥ ಕ್ಯಾರೆಕ್ಟರ್ ಡಿವೈಸೋ. ಕೊನೆಯ ‘ಪರ್ಮಿಸಿವ್=0’ ಎಂದರೆ ನಿಜವಾಗಿಯೂ ತಡೆಯಲಾಗಿದೆ. ನನ್ನ ಸಾಲಿನಲ್ಲಿ ಎದುರಿನ ಲೇಬಲ್ ಬರೀ ‘ಡಿವೈಸ್’ ಎಂದಿತ್ತು. ಬೋರ್ಡಿನಲ್ಲೇ ಇರುವ ‘ಟಿಟಿವೈಎಸ್’ ಸಾಲಿನ ಪೋರ್ಟುಗಳಿಗೆ ಆಂಡ್ರಾಯ್ಡ್ ಮೊದಲೇ ‘ಸೀರಿಯಲ್_ಡಿವೈಸ್’ ಎಂದು ಲೇಬಲ್ ಕೊಟ್ಟಿರುತ್ತದೆ. ಯುಎಸ್‌ಬಿಯದಕ್ಕೆ ಕೊಟ್ಟಿಲ್ಲ, ಆದ್ದರಿಂದ ಅದು ಹೆಸರಿಲ್ಲದವರ ಗುಂಪಿಗೆ ಹೋಗಿದೆ.

ಆ ಲಾಗನ್ನು ‘ಆಡಿಟ್‌ಟುಅಲೋ’ಗೆ ಕೊಟ್ಟರೆ ಅದು ಕಣ್ಣು ಮಿಟುಕಿಸುವುದರೊಳಗೆ ಒಂದು ನಿಯಮ ಬರೆದುಕೊಡುತ್ತದೆ: ತೂಕಡಿಗೆ ‘ಡಿವೈಸ್’ ಲೇಬಲ್ಲಿನ ಎಲ್ಲ ಕ್ಯಾರೆಕ್ಟರ್ ಡಿವೈಸುಗಳನ್ನೂ ಓದಲು, ಬರೆಯಲು ಬಿಡಿ. ನಮ್ಮ ತಂಡಕ್ಕೆ ಹೊಸದಾಗಿ ಸೇರಿದ ಧಾರವಾಡದ ಹುಡುಗ ಇದನ್ನು ನೋಡಿ ಭಾಳ ಖುಷಿಯಾಗಿದ್ದ. “ಅಕ್ಕಾರ, ಲಾಗ್ ಕೊಟ್ರ ರೂಲ್ ತಾನ ಬರ್ತಾವಲ್ಲ, ನಾವು ಬರೆಯೂದು ಏನೈತ್ರೀ?” ಎಂದ. ಆ ನಿಯಮ ಹಾಕಿ ಬಿಲ್ಡ್ ಮಾಡು ಎಂದೆ. ಬಿಲ್ಡ್ ನಿಂತಿತು. ಆಂಡ್ರಾಯ್ಡಿನ ಮೂಲ ಪಾಲಿಸಿಯಲ್ಲಿ ಒಂದು ‘ನೆವರ್‌ಅಲೋ’ ಇದೆ, ಹೆಸರಿಲ್ಲದ ‘ಡಿವೈಸ್’ ಲೇಬಲ್ಲಿನ ಕ್ಯಾರೆಕ್ಟರ್ ಡಿವೈಸನ್ನು ಯಾರೂ ತೆರೆಯಕೂಡದು ಎಂದು. ಅದರ ಮೇಲಿನ ಟಿಪ್ಪಣಿಯೂ ಸ್ಪಷ್ಟ: ನಿನಗೆ ಬೇಕಾದುದಕ್ಕೆ ಮೊದಲು ಸರಿಯಾದ ಲೇಬಲ್ ಕೊಡು. ಆ ದಿನ ನಾವಿಬ್ಬರೂ ಕೂತು ‘ಫೈಲ್_ಕಾಂಟೆಕ್ಸ್ಟ್ಸ್’ನಲ್ಲಿ ಆ ಒಂದು ಪೋರ್ಟಿಗೆ ‘ತೂಕ_ಡಿವೈಸ್’ ಎಂಬ ಲೇಬಲ್ ಕೊಟ್ಟು, ‘ತೂಕಡಿ.ಟಿಇ’ ಎಂಬ ನಿಯಮದ ಫೈಲಿನಲ್ಲಿ ಅದಕ್ಕಷ್ಟೇ ಅನುಮತಿ ಬರೆದೆವು. ಕಾವಲು ತನ್ನಷ್ಟಕ್ಕೆ ತಾನೇ ಗಟ್ಟಿಯಾಗುವಂತೆ ಒತ್ತಾಯಿಸುವ ಈ ‘ನೆವರ್‌ಅಲೋ’ ಇಡೀ ಸೆಟ್ಟಿನಲ್ಲಿ ನನಗೆ ಅತಿ ಹೆಚ್ಚು ಇಷ್ಟವಾದ ಭಾಗ.

‘ಆಡಿಟ್‌ಟುಅಲೋ’ವನ್ನು ನಾನು ತೆಗೆದುಹಾಕುವುದಿಲ್ಲ. ಉದ್ದನೆಯ ಲಾಗನ್ನು ಗುಂಪು ಮಾಡಿ ಏನೇನು ಕೇಳಲಾಗುತ್ತಿದೆ ಎಂದು ತೋರಿಸಲು ಅದು ಚೆನ್ನಾಗಿದೆ. ನಿಯಮ ಬರೆಯುವ ಕೆಲಸವನ್ನು ಅದಕ್ಕೆ ಒಪ್ಪಿಸಬಾರದು, ಅಷ್ಟೇ. ಇನ್ನೊಂದು ಉದಾಹರಣೆ ಕೊಡುತ್ತೇನೆ, ಎಲ್ಲರಿಗೂ ಎದುರಾಗುವಂಥದ್ದು. ಪೋರ್ಟಿನ ಸಾಮಾನ್ಯ ಲಿನಕ್ಸ್ ಅನುಮತಿ ಸರಿಯಿಲ್ಲದಿದ್ದಾಗ, ರೂಟ್ ಆಗಿ ಓಡುವ ಪ್ರೋಗ್ರಾಂ ಅದನ್ನು ತೆರೆಯಲು ಹೋದರೆ ಕರ್ನಲ್ ‘ಡಿಎಸಿ_ಓವರ್‌ರೈಡ್’ ಎಂಬ ಅಧಿಕಾರ ಇದೆಯೇ ಎಂದು ನೋಡುತ್ತದೆ. ಇಲ್ಲದಿದ್ದರೆ ಅದನ್ನೇ ಲಾಗಿನಲ್ಲಿ ಬರೆಯುತ್ತದೆ. ಸಲಕರಣೆ ಆ ಅಧಿಕಾರವನ್ನೇ ಕೊಟ್ಟುಬಿಡು ಎನ್ನುತ್ತದೆ. ಕೊಟ್ಟರೆ ಪ್ರೋಗ್ರಾಮಿಗೆ ಫೈಲಿನ ಒಡೆತನ, ಗುಂಪು ಯಾವುದೂ ಲೆಕ್ಕಕ್ಕಿಲ್ಲದಂತಾಗುತ್ತದೆ. ಮಾಡಬೇಕಾದದ್ದು ಬೇರೆ: ‘ಯುಈವೆಂಟ್‌ಡಿ.ಆರ್‌ಸಿ’ಯಲ್ಲಿ ಪೋರ್ಟಿಗೆ 0660 (ಒಡೆಯನಿಗೂ ಗುಂಪಿಗೂ ಮಾತ್ರ ಓದು-ಬರಹ) ಎಂದು ಅನುಮತಿ, ಸರಿಯಾದ ಗುಂಪು ಕೊಟ್ಟು, ಡೀಮನ್ನನ್ನು ರೂಟ್ ಬಿಡಿಸಿ ಆ ಗುಂಪಿನಲ್ಲಿ ಓಡಿಸುವುದು. ಲಿನಕ್ಸಿನ ಹಳೆಯ ಅನುಮತಿ, ಎಸ್‌ಇಲಿನಕ್ಸ್ ಅನುಮತಿ, ಎರಡೂ ಹೂಂ ಎಂದರೆ ಮಾತ್ರ ಬಾಗಿಲು ತೆರೆಯುತ್ತದೆ. ಒಂದು ಬಿಗಿಯಾಗಿದೆ ಎಂದು ಇನ್ನೊಂದಕ್ಕೆ ಎಲ್ಲರಿಗೂ ತೆರೆದ 0666 ಹಾಕಿಬಿಡುವವರನ್ನು ನೋಡಿದರೆ ನನಗೆ ಸಂಕಟವಾಗುತ್ತದೆ.

ಲೇಬಲ್ ಸರಿಯಾದಮೇಲೆ ಮೊದಲು ‘ರೀಡ್ ರೈಟ್’, ಅದಾದಮೇಲೆ ‘ಓಪನ್’, ಅದಾದಮೇಲೆ ‘ಐಆಕ್ಟಲ್’ (ಡ್ರೈವರಿಗೆ ಕೊಡುವ ವಿಶೇಷ ಆದೇಶ) ಎಂದು ಒಂದೊಂದೇ ತಡೆ ಬರುತ್ತದೆ, ಯಾಕೆಂದರೆ ಮೊದಲ ತಡೆಯಲ್ಲೇ ಪ್ರೋಗ್ರಾಂ ಸೋತು ನಿಲ್ಲುತ್ತದೆ. ಇದಕ್ಕೆ ‘ಸೆಟ್‌ಎನ್‌ಫೋರ್ಸ್ 0’ ಎಂದು ಇಡೀ ಸಾಧನದ ಕಾವಲು ಇಳಿಸುವುದು ಸುಲಭದ ದಾರಿ, ಆದರೆ ಬೇರೆ ನೂರೆಂಟು ಪ್ರೋಗ್ರಾಮಿನ ಗದ್ದಲದಲ್ಲಿ ನಮ್ಮ ಸಾಲುಗಳು ಕಳೆದುಹೋಗುತ್ತವೆ. ಬೆಳವಣಿಗೆಯ ಹಂತದಲ್ಲಿ ‘ಪರ್ಮಿಸಿವ್ ತೂಕಡಿ’ ಎಂದು ನಮ್ಮ ಡೊಮೈನ್ ಒಂದನ್ನೇ ಸಡಿಲ ಬಿಟ್ಟು ಎಲ್ಲ ಸಾಲುಗಳನ್ನೂ ಒಟ್ಟಿಗೆ ಹಿಡಿಯುವುದು ಚೆಂದ. ಅದನ್ನು ಮರೆತು ಗಿರಾಕಿಗೆ ಕೊಡುವ ‘ಯೂಸರ್’ ಬಿಲ್ಡಿಗೆ ಹೊರಟರೆ ಬಿಲ್ಡ್ ವ್ಯವಸ್ಥೆಯೇ ತಡೆಯುತ್ತದೆ. ಇದನ್ನು ರೂಪಿಸಿದವರು ಮನುಷ್ಯರ ಮರೆವನ್ನೂ ಯೋಚಿಸಿದ್ದಾರೆ.

‘ಐಆಕ್ಟಲ್’ ವಿಷಯದಲ್ಲಿ ಸ್ವಲ್ಪ ಹೆಚ್ಚು ನಿಲ್ಲುತ್ತೇನೆ. ಒಂದೇ ‘ಅಲೋ’ ಬರೆದು ಸುಮ್ಮನಾದರೆ ಆ ಡ್ರೈವರ್ ಒಪ್ಪುವ ಎಲ್ಲ ಆದೇಶಗಳಿಗೂ ದಾರಿ ತೆರೆದಂತೆ. ನಮ್ಮ ಡೀಮನ್ನಿಗೆ ಬೇಕಿದ್ದದ್ದು ಬಾಡ್ ರೇಟ್ (ಕೇಬಲ್ಲಿನ ವೇಗ) ನೋಡುವುದು, ಹೊಂದಿಸುವುದು, ಬಫರ್ ಖಾಲಿ ಮಾಡುವುದು. ‘ಅಲೋಎಕ್ಸ್‌ಪರ್ಮ್’ ಬಳಸಿ ‘ಟಿಸಿಗೆಟ್ಸ್’, ‘ಟಿಸಿಸೆಟ್ಸ್’, ‘ಟಿಸಿಎಫ್‌ಎಲ್‌ಎಸ್‌ಎಚ್’ ಇವಿಷ್ಟಕ್ಕೇ ಅನುಮತಿ ಕೊಟ್ಟೆ. ಫೋನುಗಳ ಮೇಲಿನ ದಾಳಿಗಳಲ್ಲಿ ಡ್ರೈವರುಗಳ ಐಆಕ್ಟಲ್ ದೋಷಗಳು ಹಳೆಯ ದಾರಿ. ಇಷ್ಟು ಸೂಕ್ಷ್ಮವಾಗಿ ಅದನ್ನು ಕಿರಿದು ಮಾಡಲು ಬರುತ್ತದೆ ಎನ್ನುವುದೇ ದೊಡ್ಡ ಸೌಲಭ್ಯ.

ಖಾಲಿ ಚೀಲದ ತೂಕ ಎಷ್ಟು ಕಳೆಯಬೇಕು ಎಂಬ ಸೆಟ್ಟಿಂಗ್ ಒಂದು ಫೈಲಿನಲ್ಲಿ ಇರುತ್ತದೆ. ಪೇಟೆಯ ಲೆಕ್ಕದಲ್ಲಿ ಮೋಸಕ್ಕೆ ಇದಕ್ಕಿಂತ ಒಳ್ಳೆಯ ಜಾಗ ಇಲ್ಲ. ಚೀಲಕ್ಕೆ ಕಾಲು ಕಿಲೋ ಹೆಚ್ಚು ಕಳೆದರೂ ಯಾರಿಗೂ ತಿಳಿಯುವುದಿಲ್ಲ, ದಿನದ ಕೊನೆಗೆ ಎಷ್ಟು ಚೀಲ ಲೆಕ್ಕ ಹಾಕಿ. ಆ ಫೈಲಿಗೆ ಪ್ರತ್ಯೇಕ ಲೇಬಲ್ ಕೊಟ್ಟು, ತೂಕಡಿಗೆ ಮಾತ್ರ ಬರೆಯುವ ಅಧಿಕಾರ ಬರೆದೆ. ಅಷ್ಟಕ್ಕೆ ಬಿಡದೆ ನಮ್ಮದೇ ಒಂದು ‘ನೆವರ್‌ಅಲೋ’ ಸೇರಿಸಿದೆ: ತೂಕಡಿ, ಮತ್ತು ಫೋಲ್ಡರ್ ಸೃಷ್ಟಿಸಬೇಕಾದ ಇನಿಟ್, ಇವೆರಡನ್ನು ಬಿಟ್ಟು ಯಾವ ಡೊಮೈನಿಗೂ ಈ ಫೈಲಿಗೆ ಬರೆಯುವ ಅನುಮತಿ ಕೊಡಕೂಡದು. ನೆವರ್‌ಅಲೋ ಸಾಧನದೊಳಗೆ ಹೋಗುವುದಿಲ್ಲ, ಕಂಪೈಲ್ ಆಗುವಾಗ ನೋಡಿ ಮುಗಿಯುತ್ತದೆ. ಆದರೂ ನಾಳೆ ನಾನು ಈ ಕೆಲಸದಲ್ಲಿ ಇಲ್ಲದಿದ್ದಾಗ ಬರುವ ಎಂಜಿನಿಯರ್ ಅವಸರದಲ್ಲಿ ಒಂದು ಸಡಿಲ ನಿಯಮ ಹಾಕಿದರೆ ಅದು ಬಿಲ್ಡ್ ಆಗದು. ರೈತರ ಪರವಾಗಿ ಬರೆದಿಟ್ಟ ಒಂದು ಸಾಲು ಅದು ಎಂದು ನಾನು ತಿಳಿದಿದ್ದೇನೆ.

ಪರೀಕ್ಷೆ ಹೇಗೆ ಮಾಡುವುದು ಎನ್ನುವುದರಲ್ಲಿ ಹುಷಾರಾಗಿರಬೇಕು. ‘ಯೂಸರ್‌ಡೀಬಗ್’ ಎಂಬ ಎಂಜಿನಿಯರುಗಳ ಬಿಲ್ಡಿನಲ್ಲಿ ‘ಎಡಿಬಿ ರೂಟ್’ ಆಜ್ಞೆ ಕೊಟ್ಟು ರೂಟ್ ಶೆಲ್ಲಿನಿಂದ ಆ ಫೈಲಿಗೆ ಬರೆದು ನೋಡಿದರೆ ಬರೆಯಲು ಬಂದೇ ಬರುತ್ತದೆ, ಪಾಲಿಸಿ ಕೆಲಸವೇ ಮಾಡುತ್ತಿಲ್ಲ ಎನಿಸುತ್ತದೆ. ಆ ಶೆಲ್ ‘ಎಸ್‌ಯು’ ಎಂಬ ಡೊಮೈನಿನಲ್ಲಿ ಇರುತ್ತದೆ. ಆ ಡೊಮೈನನ್ನು ಡೀಬಗ್ ಬಿಲ್ಡುಗಳಲ್ಲಿ ಬೇಕೆಂದೇ ಪರ್ಮಿಸಿವ್ ಇಟ್ಟಿದ್ದಾರೆ, ಯೂಸರ್ ಬಿಲ್ಡಿನಲ್ಲಿ ಆ ಡೊಮೈನ್ ಯಾರಿಗೂ ಸಿಗುವುದೇ ಇಲ್ಲ. ಹಾಗಾಗಿ ಪರೀಕ್ಷೆಗೆಂದೇ ಇನ್ನೊಂದು ಡೊಮೈನ್ ಬರೆದು, ಅದರಲ್ಲಿ ಯೂಸರ್ ಐಡಿ 0 ಆಗಿ, ಅಂದರೆ ರೂಟ್ ಆಗಿಯೇ ಓಡುವ ಪುಟ್ಟ ಪ್ರೋಗ್ರಾಂ ಇಟ್ಟೆವು. ಅದು ತೂಕದ ಪೋರ್ಟ್ ತೆರೆಯಲು ಹೋಯಿತು: ತಡೆ. ಚೀಲದ ತೂಕದ ಫೈಲಿಗೆ ಬರೆಯಲು ಹೋಯಿತು: ತಡೆ. ರೂಟ್ ಆಗಿದ್ದೂ ‘ಪರ್ಮಿಷನ್ ಡಿನೈಡ್’ ಎಂದು ಪರದೆಯ ಮೇಲೆ ಬಂದಾಗ ಆ ಧಾರವಾಡದ ಹುಡುಗ ಕುರ್ಚಿಯಿಂದ ಎದ್ದು ನಿಂತ. “ರೂಟ್‌ಗೂ ಇಲ್ಲ ಅಂತೈತ್ರೀ ಅಕ್ಕಾರ!” ನನಗೂ ಅಷ್ಟೇ ಸಂತೋಷವಾಗಿತ್ತು.

ಆಪಿನ ಕಡೆಯ ಅನುಭವ ಅಷ್ಟು ಸುಗಮವಾಗಿಲ್ಲ. ಚೀಟಿ ಮುದ್ರಿಸುವ ನಮ್ಮ ಆಪ್ ಪೋರ್ಟನ್ನು ಮುಟ್ಟುವುದಿಲ್ಲ, ಪ್ರೋಗ್ರಾಂಗಳು ಪರಸ್ಪರ ಮಾತಾಡುವ ಬೈಂಡರ್ ಮೂಲಕ ತೂಕಡಿಯನ್ನು ಕೇಳಿ ಅಂಕಿ ಪಡೆಯುತ್ತದೆ. ಆ ಆಪಿಗೆ ಸ್ವಂತ ಡೊಮೈನ್ ಕೊಡಲು ಎರಡು ಕಡೆ ಬರೆಯಬೇಕು: ‘ಮ್ಯಾಕ್_ಪರ್ಮಿಷನ್ಸ್.ಎಕ್ಸ್‌ಎಂಎಲ್’ನಲ್ಲಿ ನಮ್ಮ ಸಹಿಯ ಗುರುತು, ‘ಸೀಆಪ್_ಕಾಂಟೆಕ್ಸ್ಟ್ಸ್’ನಲ್ಲಿ ಆ ಗುರುತು ಮತ್ತು ಪ್ಯಾಕೇಜ್ ಹೆಸರು ಸೇರಿದರೆ ಯಾವ ಡೊಮೈನ್ ಎಂದು. ಸಹಿಯ ಮೇಲೆ ಡೊಮೈನ್ ನಿಂತಿರುವುದು ಒಳ್ಳೆಯದೇ, ಅದೇ ಹೆಸರಿನ ನಕಲಿ ಆಪ್ ಬಂದರೆ ಅದಕ್ಕೆ ತೂಕಡಿಯ ಜೊತೆ ಮಾತಾಡಲು ಬರುವುದಿಲ್ಲ. ಆದರೆ ಎಲ್ಲಾದರೂ ಒಂದಕ್ಷರ ಹೊಂದಾಣಿಕೆಯಾಗದಿದ್ದರೆ ಯಾವ ಎಚ್ಚರಿಕೆಯೂ ಇಲ್ಲದೆ ಆಪ್ ಸಾಮಾನ್ಯ ‘ಅನ್‌ಟ್ರಸ್ಟೆಡ್_ಆಪ್’ ಗುಂಪಿಗೆ ಹೋಗುತ್ತದೆ. ‘ಪಿಎಸ್ -ಝಡ್’ ಕೊಟ್ಟು ಆಪಿನ ಡೊಮೈನ್ ಯಾವುದೆಂದು ನಾವೇ ನೋಡಿಕೊಳ್ಳಬೇಕು. ಹೀಗೆ ಸದ್ದಿಲ್ಲದೆ ವಿಫಲವಾಗುವುದು ಈ ಸಲಕರಣೆಗಳ ದೊಡ್ಡ ಕೊರತೆ. ನೆವರ್‌ಅಲೋ ತಪ್ಪಿನ ಸಂದೇಶವೂ ಹೀಗೆಯೇ ಕಷ್ಟದ್ದು: ಮ್ಯಾಕ್ರೋಗಳೆಲ್ಲ (ಹಲವು ನಿಯಮಗಳಾಗಿ ಬಿಚ್ಚಿಕೊಳ್ಳುವ ಸಂಕ್ಷೇಪಗಳು) ಬಿಚ್ಚಿಕೊಂಡಮೇಲಿನ ರೂಪದಲ್ಲಿ ನಿಯಮ ತೋರಿಸುತ್ತದೆ, ನಾವು ಬರೆದ ಸಾಲು ಯಾವುದೆಂದು ಹಿಂದಕ್ಕೆ ಹುಡುಕುತ್ತ ಹೋಗಬೇಕು. ಮ್ಯಾಕ್ರೋಗಳು ಬರೆಯುವಾಗ ಎಷ್ಟು ಹಿತವೋ, ‘ಇನಿಟ್_ಡೀಮನ್_ಡೊಮೈನ್’ ಎಂಬ ಒಂದೇ ಸಾಲು ಎಷ್ಟೊಂದು ನಿಯಮ ಬರೆದುಕೊಡುತ್ತದೆಯೋ, ತಪ್ಪು ಹುಡುಕುವಾಗ ಅಷ್ಟೇ ಕಾಡುತ್ತವೆ. ಇಂಥ ಹೊತ್ತಿನಲ್ಲಿ ‘ಎಸ್‌ಇಸರ್ಚ್’ ಕೈಹಿಡಿಯುತ್ತದೆ; ಕಂಪೈಲ್ ಆದ ಪಾಲಿಸಿಗೆ ಈ ಲೇಬಲ್ಲಿಗೆ ಬರೆಯುವ ಅಧಿಕಾರ ಯಾರ್‍ಯಾರಿಗಿದೆ ಎಂದು ಕೇಳಿದರೆ ನೇರ ಉತ್ತರ ಕೊಡುತ್ತದೆ. ಪ್ರತಿ ಬಿಡುಗಡೆಯ ಮೊದಲು ತೂಕದ ಎರಡೂ ಲೇಬಲ್ಲುಗಳಿಗೆ ಇದನ್ನು ಓಡಿಸಿ, ಉತ್ತರವನ್ನು ಬಿಡುಗಡೆಯ ಕಾಗದಕ್ಕೆ ಲಗತ್ತಿಸುತ್ತೇನೆ.

ವೇಗದ ಬಗ್ಗೆ ಹೇಳುವಂಥದ್ದೇನೂ ಇಲ್ಲ. ಒಮ್ಮೆ ಕೊಟ್ಟ ತೀರ್ಮಾನವನ್ನು ಕರ್ನಲ್ ಕ್ಯಾಶಿನಲ್ಲಿ ಇಟ್ಟುಕೊಳ್ಳುತ್ತದೆ. ತೂಕದ ಓದಿನಲ್ಲಿ ತಡ ಎನ್ನುವುದು ಕಂಡಿಲ್ಲ.

ಈ ಕಾವಲಿನ ಮಿತಿಯನ್ನೂ ಗಿರಾಕಿಗಳಿಗೆ ಹೇಳುತ್ತೇನೆ. ಕರ್ನಲ್ಲಿನಲ್ಲೇ ದೋಷ ಸಿಕ್ಕು ದಾಳಿಕೋರ ಅಲ್ಲಿಗೇ ಹೊಕ್ಕರೆ, ನಿಯಮ ಜಾರಿ ಮಾಡಬೇಕಾದದ್ದೇ ಅವನ ಕೈಸೇರುತ್ತದೆ. ಸಾಧನವನ್ನು ಮೊದಲು ಎಬ್ಬಿಸುವ ಬೂಟ್‌ಲೋಡರ್ ಅನ್‌ಲಾಕ್ ಇದ್ದರೆ ಯಾರಾದರೂ ಪಾಲಿಸಿಯನ್ನೇ ಬದಲಿಸಿದ ಇಮೇಜ್ ಹಾಕಬಹುದು, ಆದ್ದರಿಂದ ಬೂಟ್ ಆಗುವಾಗ ಸಹಿ ಪರೀಕ್ಷಿಸುವ ವೆರಿಫೈಡ್ ಬೂಟ್ ಇಲ್ಲದೆ ಎಸ್‌ಇಲಿನಕ್ಸ್ ಒಂದನ್ನೇ ನಂಬಿ ಕೂರಲಾಗದು. ಕಾಟಾದ ಕೆಳಗೆ ಕಲ್ಲು ಇಟ್ಟರೆ ಯಾವ ಸಾಫ್ಟ್‌ವೇರೂ ಹಿಡಿಯುವುದಿಲ್ಲ, ಅದಕ್ಕೆ ಮನುಷ್ಯರ ಕಣ್ಣೇ ಬೇಕು.

ಕನ್ನಡದಲ್ಲಿ ಇದನ್ನು ಕಲಿಸುವ ಬರಹ ನಾನು ಹುಡುಕಿದಾಗ ಸಿಗಲಿಲ್ಲ. ಹುಬ್ಬಳ್ಳಿ-ಧಾರವಾಡದಲ್ಲಿ ಐಐಟಿ ಇದೆ, ಐಐಐಟಿ ಇದೆ, ಎಂಜಿನಿಯರಿಂಗ್ ಓದುವ ಮಕ್ಕಳು ಪ್ರತಿ ವರ್ಷ ಹೊರಬರುತ್ತಾರೆ. ಗದಗ, ಹಾವೇರಿಯ ಹಳ್ಳಿಗಳಿಂದ ಬಂದವರಿಗೆ ಪೇಟೆ, ಕಾಟಾ, ಚೀಟಿ ಎಲ್ಲ ಗೊತ್ತು. ಅವರ ಅಪ್ಪಂದಿರು ಚೀಲ ತಂದು ಇಳಿಸಿದ ಜಾಗ ಅದು. ಈ ಪಾಲಿಸಿ ಬರೆಯಲು ಅವರಿಗಿಂತ ಹೆಚ್ಚು ಅರ್ಹರು ಯಾರಿದ್ದಾರೆ? ಅಧಿಕೃತ ದಾಖಲೆ ಇಂಗ್ಲಿಷಿನಲ್ಲಿ ಸಾಕಷ್ಟು ಇದೆ, ಆದರೆ ಕಲಿಯುವವರ ಕ್ರಮದಲ್ಲಿ ಜೋಡಿಸಿಲ್ಲ. ಅದನ್ನು ಓದುವ ಮೊದಲು ‘ಸಿಸ್ಟಮ್/ಸೆಪಾಲಿಸಿ’ಯೊಳಗಿನ ‘ಡೊಮೈನ್.ಟಿಇ’ ಫೈಲನ್ನು ಟಿಪ್ಪಣಿಗಳ ಸಮೇತ ಮೇಲಿಂದ ಕೆಳಗೆ ಒಮ್ಮೆ ಓದಿ ಎಂದು ನನ್ನ ತಂಡಕ್ಕೆ ಹೇಳುತ್ತೇನೆ. ಯಾಕೆ ತಡೆಯಬೇಕು ಎಂಬ ಕಾರಣಗಳು ಅಲ್ಲೇ ಇವೆ.

ಇನ್ನು ಬೋರ್ಡ್ ಕೊಳ್ಳುವವರಿಗೆ. ನಾವು ಮೊದಲು ತರಿಸಿದ ಒಂದು ಬೋರ್ಡಿನ ಜೊತೆ ಬಂದ ಸಾಫ್ಟ್‌ವೇರಿನಲ್ಲಿ ಕರ್ನಲ್ ಆಜ್ಞಾಸಾಲಿನಲ್ಲೇ ‘ಆಂಡ್ರಾಯ್ಡ್‌ಬೂಟ್.ಸೆಲಿನಕ್ಸ್=ಪರ್ಮಿಸಿವ್’ ಎಂದು ಬರೆದಿತ್ತು. ವೆಂಡರ್ ಪಾಲಿಸಿ ತೆರೆದು ನೋಡಿದರೆ ಆಡಿಟ್‌ಟುಅಲೋ ಉಗುಳಿದ ನಿಯಮಗಳ ರಾಶಿ, ಒಂದಕ್ಕೂ ಟಿಪ್ಪಣಿ ಇಲ್ಲ. ಫೋನ್ ಮಾಡಿ ಕೇಳಿದರೆ “ಮೇಡಂ, ಎಲ್ಲಾರೂ ಹಿಂಗ ತಗೊಂಡ್ ಹೋಗ್ತಾರ್ರೀ, ಕೆಲಸ ನಡೀತೈತಲ್ಲ” ಎಂಬ ಉತ್ತರ. ಆ ರಾಶಿಯನ್ನು ಪೂರ್ತಿ ತೆಗೆದು ಮೊದಲಿಂದ ಬರೆದೆವು, ಮುಂದಿನ ಆರ್ಡರಿಗೆ ಬೇರೆ ಕಡೆ ಹೋದೆವು. ಈಗ ಯಾವ ಸರಬರಾಜುದಾರರ ಜೊತೆ ಮಾತಾಡಿದರೂ ದರ ಕೇಳುವ ಮೊದಲು ಮೂರು ವಿಷಯ ಕೇಳುತ್ತೇನೆ: ಯೂಸರ್ ಬಿಲ್ಡಿನಲ್ಲಿ ‘ಗೆಟ್‌ಎನ್‌ಫೋರ್ಸ್’ ಕೊಟ್ಟರೆ ಏನು ಬರುತ್ತದೆ, ತೋರಿಸಿ. ವೆಂಡರ್ ಪಾಲಿಸಿಯ ‘.ಟಿಇ’ ಫೈಲುಗಳನ್ನು ಸೋರ್ಸ್ ರೂಪದಲ್ಲಿ ಕೊಡುತ್ತೀರಾ? ಬೂಟ್‌ಲೋಡರನ್ನು ನಮ್ಮ ಕೀಲಿಯಿಂದ ಲಾಕ್ ಮಾಡಲು ಬರುತ್ತದೆಯೇ? ಮೊದಲನೆಯದಕ್ಕೆ ‘ಎನ್‌ಫೋರ್ಸಿಂಗ್’ ತೋರಿಸಿ, ಉಳಿದೆರಡಕ್ಕೂ ಹೌದು ಎಂದು ಬರೆದುಕೊಟ್ಟವರಿಗೆ ಮುಂಗಡ ಕಳಿಸುತ್ತೇನೆ.